ಮನೆ ಐಸ್‌ಕ್ರೀಮಿಗೆ ಕ್ರೀಮ್ ಎಸೆನ್ಸ್: ಎಷ್ಟು, ಯಾವಾಗ, ಯಾವುದರ ಜೊತೆ

ಮೂರು ವರ್ಷದ ಹಿಂದೆ ನಮ್ಮನೆಯ ಉಪನಯನಕ್ಕೆ 80 ಜನರಿಗೆ ನಾನೇ ಐಸ್‌ಕ್ರೀಮ್ ಮಾಡಿದ್ದೆ. ಅಂಕೋಲೆಯಿಂದ ಕರಿ ಇಶಾಡು ಮಾವಿನ ಹಣ್ಣು ತರಿಸಿ, ರಸ ಹಿಂಡಿ, ಹಾಲು ಕಾಯಿಸಿ, ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ್ದು. ಎಲ್ಲ ಆದ ಮೇಲೆ ಇನ್ನೂ ಸ್ವಲ್ಪ ಕೆನೆಕೆನೆಯಾಗಿ ಇರಲಿ ಅನ್ನಿಸಿತು. ಬಟರ್ ಎಸೆನ್ಸ್ ಬಾಟಲಿ ಬಗ್ಗಿಸಿದೆ. ಅಳತೆ ಇಲ್ಲ, ಸುಮ್ನೆ ಅಂದಾಜು. ಪಂಕ್ತಿಯಲ್ಲಿ ಒಂದು ಚಮಚ ಬಾಯಿಗಿಟ್ಟ ನಮ್ಮ ಅತ್ತೆ ಮೆಲ್ಲಗೆ ಕೇಳಿದರು: "ಹಳೇ ಬೆಣ್ಣೆ ಹಾಕಿದ್ಯನೇ ಕೂಸೇ?"

ಇಶಾಡಿನ ಪರಿಮಳ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟು ಒಳ್ಳೆಯ ಹಣ್ಣನ್ನು ಒಂದು ಸಣ್ಣ ಬಾಟಲಿ ನುಂಗಿತ್ತು. ಅವತ್ತಿನಿಂದ ನಾನು ಕ್ರೀಮ್ ಎಸೆನ್ಸನ್ನು ತೂಕ ಮಾಡದೆ ಮುಟ್ಟಿಲ್ಲ. ಸಿರ್ಸಿ ಕಡೆ ಈಗ ಮನೆಯಲ್ಲೇ ಐಸ್‌ಕ್ರೀಮ್ ಮಾಡುವವರು ಜಾಸ್ತಿ ಆಗಿದ್ದಾರೆ. ಆರ್ಡರ್ ತೆಗೆದುಕೊಂಡು ಮಾಡುವ ಗೆಳತಿಯರೂ ಇದ್ದಾರೆ. ಅವರು ಕೇಳುವ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಕ್ರೀಮ್ ಎಸೆನ್ಸ್ ಎಂಬುದು ಮಾವು, ಸ್ಟ್ರಾಬೆರಿಯ ಹಾಗೆ ಮುಂದೆ ನಿಲ್ಲುವ ರುಚಿ ಅಲ್ಲ. ಸಾರಿಗೆ ಉಪ್ಪು ಇದ್ದ ಹಾಗೆ, ಅದು ಹಿಂದೆ ಇರಬೇಕು. ತಿಂದವರು "ಹಣ್ಣು ಎಷ್ಟು ಚೆನ್ನಾಗಿದೆ" ಅನ್ನಬೇಕು. "ಯಾವ ಎಸೆನ್ಸ್ ಹಾಕಿದ್ದೀರಿ" ಅಂತ ಕೇಳಿದರೆ ಜಾಸ್ತಿ ಆಗಿದೆ ಅಂತಲೇ ಲೆಕ್ಕ.

ಕೆನೆಯ ವಾಸನೆ ಎಂದರೆ ಏನು

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಮೂಗಿಗೆ ಇದು ಹೊಸದೇನಲ್ಲ.

ಮೊಸರು ಕಡೆದು ಬೆಣ್ಣೆ ಬರುವಾಗ ಒಂದು ವಾಸನೆ ಏಳುತ್ತದಲ್ವಾ? ಅದರಲ್ಲಿ ಮುಖ್ಯವಾದದ್ದು ಡೈಅಸಿಟೈಲ್ ಎಂಬ ವಸ್ತು. ಹಾಲನ್ನು ಹೆಪ್ಪು ಮಾಡುವ ಕೆಲವು ಬ್ಯಾಕ್ಟೀರಿಯಾಗಳು ಹಾಲಿನಲ್ಲಿರುವ ಸಿಟ್ರೇಟಿನಿಂದ ಅದನ್ನು ಹುಟ್ಟಿಸುತ್ತವೆ. ಅದರ ಜೊತೆ ಅಸಿಟೋಯಿನ್ ಎಂಬ ಇನ್ನೊಂದು ಇರುತ್ತದೆ, ಅದು ಸ್ವಲ್ಪ ಮೆದು. ಬಾಟಲಿಯ ಬಟರ್ ಎಸೆನ್ಸಿನಲ್ಲಿ ಇರುವುದು ಹೆಚ್ಚಾಗಿ ಇವೇ ಅಥವಾ ಇವುಗಳ ಸಂಬಂಧಿಗಳು.

ಇನ್ನು ಬೆಣ್ಣೆ ಕಾಯಿಸಿ ತುಪ್ಪ ಮಾಡುವಾಗ ಬರುವ ಪರಿಮಳ. ಅದರಲ್ಲಿ ಲ್ಯಾಕ್ಟೋನ್ ಎಂಬ ಗುಂಪಿನ ಪಾಲು ದೊಡ್ಡದು. ಡೆಲ್ಟಾ ಡೆಕಾಲ್ಯಾಕ್ಟೋನ್ ಅದರಲ್ಲೊಂದು. ಇದೇ ಗುಂಪು ತೆಂಗಿನಕಾಯಿಯಲ್ಲೂ ಇದೆ. ಕಾಯಿಹಾಲಿನ ಪಾಯಸ ಹಸುವಿನ ಹಾಲು ಇಲ್ಲದೆಯೂ ಕೆನೆಕೆನೆ ಅನ್ನಿಸುವುದಕ್ಕೆ ಕೊಬ್ಬಿನ ಜೊತೆ ಇದೂ ಕಾರಣ. ಬಾಟಲಿಯ ಮೇಲೆ ಫ್ರೆಶ್ ಕ್ರೀಮ್, ಮಲಾಯಿ, ಮಿಲ್ಕ್ ಅಂತ ಬರೆದಿದ್ದರೆ ಅದರ ಬೆನ್ನೆಲುಬು ಸಾಮಾನ್ಯವಾಗಿ ಈ ಲ್ಯಾಕ್ಟೋನ್‌ಗಳು.

ಮೂರನೆಯದು ವೆನಿಲಾ. ಅದಕ್ಕೆ ಸ್ವಂತ ಕೆನೆ ಇಲ್ಲ. ಆದರೆ ಹಾಲಿನ ಜೊತೆ ಸೇರಿದರೆ ಹಾಲನ್ನು ಇನ್ನಷ್ಟು ದಪ್ಪ ಅನ್ನಿಸುತ್ತದೆ. ನಾಲ್ಕನೆಯದು ಈಥೈಲ್ ಮಾಲ್ಟೋಲ್, ಬಾಂಬೆ ಮಿಠಾಯಿಯ ವಾಸನೆ. ಕಂಡೆನ್ಸ್ಡ್ ಮಿಲ್ಕ್, ಬಟರ್‌ಸ್ಕಾಚ್ ಎಸೆನ್ಸುಗಳಲ್ಲಿ ಇದು ಸಿಗುತ್ತದೆ. ಸ್ವಲ್ಪ ಇದ್ದರೆ ಸಿಹಿಯನ್ನು ಎತ್ತುತ್ತದೆ, ಜಾಸ್ತಿ ಆದರೆ ಹಣ್ಣಿನ ಚುರುಕನ್ನೇ ಮುಚ್ಚಿಬಿಡುತ್ತದೆ.

ಹಾಗಾಗಿ "ಕ್ರೀಮ್ ಎಸೆನ್ಸ್" ಅಂತ ಒಂದೇ ಇಲ್ಲ. ಬೆಣ್ಣೆಯ ಕಡೆಯದು, ಹಸಿ ಕೆನೆಯ ಕಡೆಯದು, ವೆನಿಲಾ ಕಡೆಯದು, ಕಾಯಿಸಿದ ಹಾಲು ಸಕ್ಕರೆಯ ಕಡೆಯದು ಅಂತ ನಾನು ನಾಲ್ಕು ಗುಂಪು ಮಾಡಿಕೊಂಡಿದ್ದೇನೆ. ನಾನು ಅವತ್ತು ಮಾಡಿದ ತಪ್ಪು ಇದೇ. ಮಾವಿಗೆ ಹಸಿ ಕೆನೆ ಬೇಕಿತ್ತು, ಬೆಣ್ಣೆ ಸುರಿದೆ.

ಬಾಟಲಿ ತರುವಾಗ

ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಕಿರಾಣಿ ಅಂಗಡಿಯ ಸಣ್ಣ ಬಾಟಲಿಗಳು ಮೊದಲೇ ತೆಳು ಮಾಡಿದವು, ಚಮಚದ ಲೆಕ್ಕದಲ್ಲಿ ಹಾಕುವಂಥವು. ಬೇಕರಿ ಸಾಮಾನಿನ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಕಾನ್ಸಂಟ್ರೇಟ್ ಬೇರೆ. ಅದು ತುಂಬ ಗಟ್ಟಿ. ಒಂದು ಕಿಲೋ ಮಿಶ್ರಣಕ್ಕೆ ಒಂದು ಗ್ರಾಂ ಕೂಡ ಎಷ್ಟೋ ಸಲ ಹೆಚ್ಚಾಗುತ್ತದೆ. ಎರಡಕ್ಕೂ ಒಂದೇ ಅಳತೆ ಅಂದುಕೊಂಡರೆ ಕೆಟ್ಟಿತು. ಲೇಬಲ್ ಮೇಲೆ ಎಷ್ಟು ಹಾಕಬೇಕು ಅಂತ ಇರುತ್ತದೆ, ಅದನ್ನು ಓದಿ. ಅದರ ಅರ್ಧದಿಂದ ಶುರು ಮಾಡಿ.

ಲೇಬಲ್ಲಿನಲ್ಲಿ ಇನ್ನೂ ನೋಡಬೇಕಾದದ್ದಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರಬೇಕು. ಎಸೆನ್ಸನ್ನು ಕರಗಿಸಲು ಏನು ಬಳಸಿದ್ದಾರೆ ಅಂತ ನೋಡಿ. ಅದನ್ನು ಸಾಮಾನ್ಯವಾಗಿ ಐಎನ್‌ಎಸ್ ಎಂಬ ಅಂತರರಾಷ್ಟ್ರೀಯ ಪಟ್ಟಿಯ ಅಂಕಿಯಲ್ಲಿ ಬರೆದಿರುತ್ತಾರೆ. ಐಎನ್‌ಎಸ್ 1520 ಎಂದರೆ ಪ್ರೊಪಿಲೀನ್ ಗ್ಲೈಕಾಲ್, 422 ಎಂದರೆ ಗ್ಲಿಸರಿನ್, 1518 ಎಂದರೆ ಟ್ರೈಅಸಿಟಿನ್. ಇವು ಆಹಾರಕ್ಕೆ ಒಪ್ಪಿಗೆ ಇರುವಂಥವು. ಹೆಸರು ಹತ್ತಿರ ಇದ್ದರೂ ಡೈಈಥಿಲೀನ್ ಗ್ಲೈಕಾಲ್ ವಿಷ. ಅದನ್ನು ಎಸೆನ್ಸಿಗೆ ಬಳಸುವಂತಿಲ್ಲ ಅಂತ ನಮ್ಮ ಆಹಾರ ನಿಯಮದಲ್ಲೇ ಇದೆ. ಹಾಗಾಗಿ ಲೇಬಲ್ ಇಲ್ಲದೆ ದೊಡ್ಡ ಕ್ಯಾನಿನಿಂದ ಬಗ್ಗಿಸಿ ಕೊಡುವ ಎಸೆನ್ಸ್ ಎಷ್ಟು ಅಗ್ಗ ಇದ್ದರೂ ಬೇಡ. ಮೇಣದಬತ್ತಿಗೆ, ಸೋಪಿಗೆ, ಅಗರಬತ್ತಿಗೆ ಹಾಕುವ ವೆನಿಲಾ ಪರಿಮಳದ ಎಣ್ಣೆಯೂ ಬೇಡ. ಅದು ತಿನ್ನುವ ವಸ್ತು ಅಲ್ಲ.

ಕೆಲವು ಕಸ್ಟರ್ಡ್, ಬಟರ್‌ಸ್ಕಾಚ್ ಎಸೆನ್ಸಿನಲ್ಲಿ ಬಣ್ಣವೂ ಸೇರಿರುತ್ತದೆ. 102 ಮತ್ತು 110 ಎಂಬ ಅಂಕಿ ಕಂಡರೆ ಹಳದಿ, ಕಿತ್ತಳೆ ಬಣ್ಣ. ಬಿಳಿ ಐಸ್‌ಕ್ರೀಮಿಗೆ ಹಾಕಿ ಆಮೇಲೆ ಪೇಚಾಡುವುದಕ್ಕಿಂತ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ನಮ್ಮ ತೋಟದ ವೆನಿಲಾ

ಎಸೆನ್ಸಿನ ಮಾತು ಬಂದರೆ ಸಿರ್ಸಿಯವಳಾದ ನನಗೆ ವೆನಿಲಾ ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. 2000ದಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರಿಗೆ ಬಡಿಯಿತು. ಜಗತ್ತಿನ ವೆನಿಲಾ ಹೆಚ್ಚಿನದು ಬರುವುದೇ ಅಲ್ಲಿಂದ. ರೇಟು ಆಕಾಶಕ್ಕೆ ಏರಿತು. ನಮ್ಮ ಕಡೆ ಅಡಿಕೆ ತೋಟದಲ್ಲಿ ಎಲ್ಲಿ ನೋಡಿದರೂ ವೆನಿಲಾ ಬಳ್ಳಿ. ಹೂವು ಅರಳುವುದು ಒಂದೇ ದಿನ. ಬೆಳಿಗ್ಗೆ ಎದ್ದು ಸಣ್ಣ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಬೇಕು. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಹುಡುಗ ಕಂಡುಹಿಡಿದ. ಅವನು ಗುಲಾಮನಾಗಿದ್ದ. ಇವತ್ತಿಗೂ ಜಗತ್ತಿನ ತೋಟಗಳಲ್ಲಿ ನಡೆಯುವುದು ಅವನ ಕೈಯ ಆ ಕೆಲಸವೇ. ಕಡ್ಡಿ ಹಿಡಿದು ಹೂವಿನ ಮುಂದೆ ಕೂತಾಗ ನನಗೆ ಈ ಕತೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ವೆನಿಲಾ ಕೋಡು ಕೈಗೆತ್ತಿಕೊಂಡಾಗಲೆಲ್ಲ ಆ ಹುಡುಗ ನೆನಪಾಗುತ್ತಾನೆ.

2004ರ ಹೊತ್ತಿಗೆ ರೇಟು ಕುಸಿಯಿತು. ಎಷ್ಟೋ ಜನ ಬಳ್ಳಿ ಕಿತ್ತು ಹಾಕಿದರು. ಕೆಲವರ ತೋಟದಲ್ಲಿ ಇನ್ನೂ ಇದೆ. ಹದ ಮಾಡಿದ ಕೋಡು ಸಿಕ್ಕರೆ ಬಿಡಬೇಡಿ. ಹದ ಮಾಡಿದ ಕೋಡಿನಲ್ಲಿ ವೆನಿಲಿನ್ ಸುಮಾರು 2% ಮಾತ್ರ, ಆದರೆ ಅದರ ಜೊತೆ ಇನ್ನೂ ನೂರಾರು ಪರಿಮಳಗಳು ಸಣ್ಣ ಸಣ್ಣದಾಗಿ ಇರುತ್ತವೆ. ಬಾಟಲಿಯ ಕೃತಕ ವೆನಿಲಾದಲ್ಲಿ ವೆನಿಲಿನ್ ಒಂದೇ, ಇಲ್ಲವೇ ಅದಕ್ಕಿಂತ ಸುಮಾರು ಮೂರು ಪಟ್ಟು ಜೋರಾದ ಈಥೈಲ್ ವೆನಿಲಿನ್.

ಹೊರದೇಶದಲ್ಲಿ ಕೋಡನ್ನು ಮದ್ಯದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ನಮ್ಮನೆ ಅಡುಗೆಮನೆಗೆ ಅದು ಬರುವ ಹಾಗಿಲ್ಲ, ನಿಮ್ಮಲ್ಲೂ ಎಷ್ಟೋ ಜನರಿಗೆ ಹಾಗೇ ಇರಬಹುದು. ಅದಕ್ಕೆ ನಾನು ಸಕ್ಕರೆಯಲ್ಲಿ ಇಡುತ್ತೇನೆ. ಎರಡು ಕೋಡನ್ನು ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಬೀಜವನ್ನು ಚಾಕುವಿನ ಬೆನ್ನಿನಿಂದ ಕೆರೆದು, ಕೋಡು ಬೀಜ ಎರಡನ್ನೂ 250 ಗ್ರಾಂ ಸಕ್ಕರೆಯಲ್ಲಿ ಹುಗಿದು ಗಾಜಿನ ಭರಣಿ ಮುಚ್ಚಿಡಿ. ಎರಡು ವಾರದಲ್ಲಿ ಸಕ್ಕರೆ ಪೂರ್ತಿ ಪರಿಮಳ ಹಿಡಿಯುತ್ತದೆ. ಐಸ್‌ಕ್ರೀಮಿನ ಸಕ್ಕರೆಯಲ್ಲಿ ಕಾಲು ಭಾಗ ಇದನ್ನು ಹಾಕಿದರೆ, ಕ್ರೀಮ್ ಎಸೆನ್ಸ್ ಅರ್ಧ ಸಾಕಾಗುತ್ತದೆ. ಇದು ನನ್ನ ಕೈಯಲ್ಲಿ ಪ್ರತಿ ಸಲವೂ ಸರಿಯಾಗಿ ಬಂದ ಕೆಲಸ.

ಮೊದಲು ಮಿಶ್ರಣ ಸರಿ ಇರಲಿ

ಎಸೆನ್ಸ್ ಕೆನೆಯ ವಾಸನೆ ಕೊಡುತ್ತದೆ, ಕೆನೆಯನ್ನು ಕೊಡುವುದಿಲ್ಲ. ಹಾಲು ನೀರಾಗಿದ್ದರೆ ಯಾವ ಬಾಟಲಿಯೂ ಉಳಿಸುವುದಿಲ್ಲ. ಮೂಗು ಕೆನೆ ಅನ್ನುತ್ತದೆ, ನಾಲಿಗೆಗೆ ಐಸ್ ಚೂರು ಸಿಗುತ್ತದೆ, ಆಗ ಮೋಸ ಅನ್ನಿಸುತ್ತದೆ.

ನಾನು ಯಾವಾಗಲೂ 1 ಕಿಲೋ ಲೆಕ್ಕಕ್ಕೆ ಮಾಡುತ್ತೇನೆ. ಶೇಕಡಾ ಲೆಕ್ಕ ಸುಲಭ ಆಗುತ್ತದೆ ಅಂತ. 6% ಕೊಬ್ಬಿನ ಗಟ್ಟಿ ಹಾಲು 520 ಗ್ರಾಂ, 25% ಕೊಬ್ಬಿನ ಪ್ಯಾಕೆಟ್ ಕ್ರೀಮ್ 280 ಗ್ರಾಂ, ಸಕ್ಕರೆ 140 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 45 ಗ್ರಾಂ, ಕಾರ್ನ್‌ಫ್ಲೋರ್ 15 ಗ್ರಾಂ. ಇಷ್ಟರಲ್ಲಿ ಹಾಲಿನ ಕೊಬ್ಬು 10% ಚಿಲ್ಲರೆ ಬರುತ್ತದೆ. ಮಾರಾಟಕ್ಕೆ ಮಾಡುವವರು ಇದನ್ನು ನೆನಪಿಡಬೇಕು. ಐಸ್‌ಕ್ರೀಮ್ ಅಂತ ಹೆಸರಿಡಲು ನಮ್ಮ ನಿಯಮದಲ್ಲಿ ಹಾಲಿನ ಕೊಬ್ಬು ಕನಿಷ್ಠ 10% ಇರಬೇಕು. ಡಾಲ್ಡಾ, ಪಾಮ್ ಎಣ್ಣೆಯಂಥ ಸಸ್ಯದ ಕೊಬ್ಬು ಹಾಕಿದರೆ ಅದು ಫ್ರೋಜನ್ ಡೆಸರ್ಟ್.

ಹಾಲಿನ ಪುಡಿ, ಕಾರ್ನ್‌ಫ್ಲೋರನ್ನು ಸ್ವಲ್ಪ ತಣ್ಣನೆ ಹಾಲಿನಲ್ಲಿ ಗಂಟಿಲ್ಲದೆ ಕದಡಿ. ಉಳಿದ ಹಾಲು, ಸಕ್ಕರೆ ಕಾಯಿಸಿ, ಅದಕ್ಕೆ ಇದನ್ನು ಸೇರಿಸಿ, ತಳ ಹಿಡಿಯದ ಹಾಗೆ ತಿರುವುತ್ತ ಒಂದು ಕುದಿ ಬರಿಸಿ. ಸೌಟಿನ ಬೆನ್ನಿಗೆ ಅಂಟಿಕೊಳ್ಳುವಷ್ಟು ದಪ್ಪ ಆದರೆ ಸಾಕು. ಇಳಿಸಿ, ಕ್ರೀಮ್ ಸೇರಿಸಿ. ಕುದಿಯುವಾಗ ನೀರು ಆವಿಯಾಗಿರುತ್ತದೆ. ಪಾತ್ರೆಯ ಸಮೇತ ತೂಗಿ, 1 ಕಿಲೋಗೆ ಎಷ್ಟು ಕಡಿಮೆ ಇದೆಯೋ ಅಷ್ಟು ಕಾಯಿಸಿ ಆರಿಸಿದ ಹಾಲು ಹಾಕಿ ಸರಿಮಾಡಿ. ಈ ಒಂದು ಹೆಜ್ಜೆ ಬಿಟ್ಟರೆ ಎಸೆನ್ಸಿನ ಲೆಕ್ಕ ಪ್ರತಿ ಸಲ ಬೇರೆ ಬೇರೆ ಆಗುತ್ತದೆ.

ಆಮೇಲೆ ಬೇಗ ತಣ್ಣಗೆ ಮಾಡಿ, ಮುಚ್ಚಿ, ಫ್ರಿಜ್ಜಿನಲ್ಲಿ ರಾತ್ರಿ ಇಡಿ. ಕೊಬ್ಬು ಗಟ್ಟಿಯಾಗಿ, ಪುಡಿ ನೀರು ಕುಡಿದು, ಬೆಳಿಗ್ಗೆ ಮಿಶ್ರಣ ಇನ್ನಷ್ಟು ದಪ್ಪ ಆಗಿರುತ್ತದೆ. ಎಸೆನ್ಸಿನ ಕೆಲಸ ಶುರುವಾಗುವುದು ಈಗ. ಬಿಸಿ ಹಾಲಿಗೆ ಯಾವತ್ತೂ ಹಾಕಬೇಡಿ. ಹಾಕಿದ್ದರಲ್ಲಿ ಒಳ್ಳೆಯ ಪಾಲು ಆವಿಯ ಜೊತೆ ಹಾರಿಹೋಗುತ್ತದೆ. ಮನೆಯೆಲ್ಲ ಘಮಘಮ, ಐಸ್‌ಕ್ರೀಮಿನಲ್ಲಿ ಏನೂ ಇಲ್ಲ. ಬಿಸಿಗೆ ಹಾಕದೆ ಇರಲು ಇನ್ನೂ ದೊಡ್ಡ ಕಾರಣ ಒಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ತೆಳು ಮಾಡಿ, ತೂಗಿ, ಸಣ್ಣದರಲ್ಲಿ ನೋಡಿ

ಬಂಗಾರ ತೂಗುವಂಥ ಸಣ್ಣ ತೂಕದ ಯಂತ್ರ ಬೇಕು, 0.01 ಗ್ರಾಂ ತೋರಿಸುವಂಥದ್ದು. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಹನಿ ಎಣಿಸುವ ಅಭ್ಯಾಸ ಬಿಡಿ. ನೀರಾದರೆ 1 ಮಿಲಿಗೆ ಸುಮಾರು 20 ಹನಿ. ಆದರೆ ಡ್ರಾಪರಿನ ಬಾಯಿ ಸಣ್ಣದಾದರೆ, ಎಸೆನ್ಸ್ ಮಂದ ಇದ್ದರೆ ಲೆಕ್ಕ ತಪ್ಪುತ್ತದೆ. ನಾಲ್ಕು ಹನಿ ಆರಾಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಕಾನ್ಸಂಟ್ರೇಟನ್ನು ನೇರ ಹಾಕದೆ ಮೊದಲು ತೆಳು ಮಾಡಿ. ಸಕ್ಕರೆ, ನೀರು ಸಮ ಹಾಕಿ ಕುದಿಸಿ ಆರಿಸಿದ ಪಾಕ 9 ಗ್ರಾಂ, ಕಾನ್ಸಂಟ್ರೇಟ್ 1 ಗ್ರಾಂ. ಗಾಜಿನ ಸಣ್ಣ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ. ಎಣ್ಣೆಯ ಹಾಗೆ ಮೇಲೆ ತೇಲಿದರೆ ಅದು ಎಣ್ಣೆಯಲ್ಲಿ ಮಾಡಿದ ಎಸೆನ್ಸ್. ಅದನ್ನು ಪಾಕದ ಬದಲು ಕ್ರೀಮಿನಲ್ಲಿ ಕದಡಿಕೊಳ್ಳಿ. ತೆಳು ಮಾಡಿದ್ದನ್ನು ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ.

ಈಗ ತಣ್ಣನೆ ಮಿಶ್ರಣದಿಂದ 100 ಗ್ರಾಂನಂತೆ ನಾಲ್ಕು ಲೋಟ ತೆಗೆದಿಡಿ. ಮೊದಲನೆಯದಕ್ಕೆ ತೆಳು ಎಸೆನ್ಸ್ 0.5 ಗ್ರಾಂ, ಎರಡನೆಯದಕ್ಕೆ 1 ಗ್ರಾಂ, ಮೂರನೆಯದಕ್ಕೆ 2 ಗ್ರಾಂ. ಅಂದರೆ ಕಾನ್ಸಂಟ್ರೇಟಿನ ಲೆಕ್ಕದಲ್ಲಿ 0.05%, 0.1%, 0.2%. ನಾಲ್ಕನೆಯ ಲೋಟಕ್ಕೆ ಏನೂ ಹಾಕದೆ ಇಡಿ, ಹೋಲಿಸಲು ಬೇಕು. ಚೆನ್ನಾಗಿ ಕಲಸಿ, ಫ್ರಿಜ್ಜಿನಲ್ಲಿ ಕನಿಷ್ಠ ನಾಲ್ಕು ತಾಸು ಬಿಡಿ. ಹಾಕಿದ ಕೂಡಲೇ ರುಚಿ ನೋಡಿದರೆ ಎಸೆನ್ಸಿನ ಮೇಲ್ಮೇಲಿನ ಚೂಪು ವಾಸನೆ ಮಾತ್ರ ಸಿಗುತ್ತದೆ. ಅದು ಕೊಬ್ಬಿಗೆ ಇಳಿಯಲು ಹೊತ್ತು ಬೇಕು. ಮಾರನೇ ದಿನ ಅದೇ ಲೋಟ ಬೇರೆಯೇ ರುಚಿ ಕೊಡುತ್ತದೆ.

ನೋಡುವಾಗ ಖಾಲಿ ಲೋಟದಿಂದ ಶುರು ಮಾಡಿ, ಕಡಿಮೆಯಿಂದ ಜಾಸ್ತಿಗೆ ಹೋಗಿ. ನಡುವೆ ನೀರು ಕುಡಿಯಿರಿ. ಮನೆಯವರಿಗೂ ಕೊಡಿ, ಆದರೆ ಯಾವುದು ಯಾವುದು ಅಂತ ಹೇಳಬೇಡಿ. ಇಡೀ ಬೆಳಿಗ್ಗೆ ಎಸೆನ್ಸ್ ಮೂಸಿದ ನಮ್ಮ ಮೂಗು ಅಷ್ಟು ಹೊತ್ತಿಗೆ ಮಂಕಾಗಿರುತ್ತದೆ. ಹೊರಗಿಂದ ಬಂದವರ ಮೂಗೇ ಸರಿ ಹೇಳುವುದು. ನಮ್ಮನೆಯಲ್ಲಿ ಈ ಕೆಲಸ ಈಗ ಅತ್ತೆಯದೇ.

ತಣ್ಣಗಿದ್ದಾಗ ಸಿಹಿಯೂ ಪರಿಮಳವೂ ಕಡಿಮೆ ಗೊತ್ತಾಗುತ್ತದೆ. ಹಾಗಾಗಿ ಲೋಟದಲ್ಲಿ ಒಂದು ಕೂದಲೆಳೆ ಜಾಸ್ತಿ ಅನ್ನಿಸಿದರೆ ಗಟ್ಟಿಯಾದ ಮೇಲೆ ಸರಿ ಹೋಗುತ್ತದೆ. ಒಂದು ಕೂದಲೆಳೆ ಅಷ್ಟೇ.

ನನ್ನ ಅನುಭವದಲ್ಲಿ ಬಟರ್ ಕಾನ್ಸಂಟ್ರೇಟ್ 0.05% ದಾಟಬಾರದು. ಫ್ರೆಶ್ ಕ್ರೀಮ್, ಮಲಾಯಿ 0.1%ರ ಸುತ್ತಮುತ್ತ. ಎರಡು ಮೂರು ಸೇರಿಸುವುದಾದರೆ ಒಟ್ಟು ಲೆಕ್ಕ ಹಿಡಿಯಿರಿ. ವೆನಿಲಾ ಒಂದು ಪಾಲು, ಫ್ರೆಶ್ ಕ್ರೀಮ್ ಎರಡು ಪಾಲು, ಬಟರ್ ಅರ್ಧ ಪಾಲಿಗಿಂತ ಕಡಿಮೆ, ಇದು ನಾನು ಹೆಚ್ಚು ಬಳಸುವ ಜೋಡಿ. ಕಂಪನಿಯಿಂದ ಕಂಪನಿಗೆ ಎಸೆನ್ಸಿನ ಜೋರು ಬದಲಾಗುತ್ತದೆ, ಆದ್ದರಿಂದ ಹೊಸ ಬಾಟಲಿ ತಂದಾಗ ಲೋಟದ ಪರೀಕ್ಷೆ ಮತ್ತೆ ಮಾಡಲೇಬೇಕು.

ಯಾವ ಹಣ್ಣಿಗೆ ಯಾವ ಕೆನೆ

ಕರಿ ಇಶಾಡಿಗೆ 2023ರಲ್ಲಿ ಜಿಐ, ಅಂದರೆ ಆ ಊರಿನದೇ ವಿಶೇಷ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಹಣ್ಣಿಗೇ ಒಂದು ಜೇನಿನಂಥ ಗಾಢ ರುಚಿ ಇದೆ. ಅದಕ್ಕೆ ಫ್ರೆಶ್ ಕ್ರೀಮ್ 0.05%, ವೆನಿಲಾ ಸಕ್ಕರೆ ಸ್ವಲ್ಪ. ಬಟರ್ ಬೇಡವೇ ಬೇಡ. ಹಣ್ಣಿನ ಕಾಲ ಮುಗಿದ ಮೇಲೆ ಡಬ್ಬಿಯ ರಸದಿಂದ ಮಾಡಿದರೆ ಪರಿಮಳ ಸ್ವಲ್ಪ ಕಾಯಿಸಿದ ಹಾಗೆ ಇರುತ್ತದೆ. ಆಗ ಕಂಡೆನ್ಸ್ಡ್ ಮಿಲ್ಕ್ ಎಸೆನ್ಸ್ ಚೆನ್ನಾಗಿ ಹೊಂದುತ್ತದೆ.

ಹಲಸಿನ ಹಣ್ಣು ಎಚ್ಚರಿಕೆಯ ಹಣ್ಣು. ಅದರ ಪರಿಮಳವೇ ಹೊರಗಿನ ಬಾಗಿಲಿಗೆ ಬರುವಷ್ಟು ಜೋರು. ಅದಕ್ಕೆ ಬೆಣ್ಣೆ ಎಸೆನ್ಸ್ ಸೇರಿದರೆ ಕೊಳೆತ ಹಣ್ಣಿನ ವಾಸನೆ ಬರುತ್ತದೆ. ಇದು ನಾನು ಎರಡು ಸಲ ಮಾಡಿ ಎರಡು ಸಲವೂ ಚೆಲ್ಲಿದ್ದು. ಬಕ್ಕೆ ಹಲಸನ್ನು ಸಣ್ಣಗೆ ಹೆಚ್ಚಿ, ಬೆಲ್ಲ ಹಾಕಿ ಬಾಡಿಸಿ, ಆರಿಸಿ, ಬರೀ ವೆನಿಲಾ ಸಕ್ಕರೆಯ ಮಿಶ್ರಣಕ್ಕೆ ಹಾಕಿ. ಕ್ರೀಮ್ ಎಸೆನ್ಸ್ ಇಲ್ಲದೆಯೇ ಚೆನ್ನಾಗಿರುತ್ತದೆ.

ಬಾಳೆಹಣ್ಣಿಗೆ ಕಸ್ಟರ್ಡ್ ಎಸೆನ್ಸ್ ಹೇಳಿ ಮಾಡಿಸಿದ ಜೋಡಿ. ಜೋನಿಬೆಲ್ಲಕ್ಕೆ ಬಟರ್ ಸರಿ. ಆಲೆಮನೆಯ ಹೊಸ ಜೋನಿಬೆಲ್ಲ, 0.03% ಬಟರ್, ಒಂದು ಚಿಟಿಕೆ ಉಪ್ಪು, ಬಟರ್‌ಸ್ಕಾಚ್ ಎಸೆನ್ಸೇ ಬೇಡ, ಅದಕ್ಕಿಂತ ಎಷ್ಟೋ ಒಳ್ಳೆಯದು ಬರುತ್ತದೆ. ಆದರೆ ಬೆಲ್ಲವನ್ನು ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ, ಎರಡೂ ತಣ್ಣಗಾದ ಮೇಲೆ ಸೇರಿಸಿ. ಏಲಕ್ಕಿ ಇದ್ದರೆ ಫ್ರೆಶ್ ಕ್ರೀಮ್ ಕಾಣುವುದೇ ಇಲ್ಲ, ಹಾಕಿ ದಂಡ.

ಮುರುಗಲು (ಕೋಕಂ) ಹುಳಿ. ಹಾಲಿಗೆ ಬಿದ್ದರೆ ಒಡೆದೇ ಒಡೆಯುತ್ತದೆ. ಅದಕ್ಕೆ ಕಾರವಾರ ಕಡೆಯ ಸೋಲ್‌ಕಡಿಯ ದಾರಿ ಹಿಡಿಯಬೇಕು, ಹಸುವಿನ ಹಾಲಿನ ಬದಲು ಕಾಯಿಹಾಲು. ಎರಡು ತೆಂಗಿನಕಾಯಿಯ ಗಟ್ಟಿ ಹಾಲು, ಮುರುಗಲು ಸಿರಪ್ಪು, ಸಕ್ಕರೆ. ಕಾಯಿಹಾಲಿನಲ್ಲಿ ಲ್ಯಾಕ್ಟೋನ್ ಮೊದಲೇ ಇದೆ ಅಂದೆನಲ್ವಾ, ಅದಕ್ಕೇ ಫ್ರೆಶ್ ಕ್ರೀಮ್ ಎಸೆನ್ಸ್ 0.03% ಸಾಕು. ಅದಕ್ಕಿಂತ ಜಾಸ್ತಿ ಆದರೆ ತಲೆಗೆ ಹಾಕುವ ಕೊಬ್ಬರಿ ಎಣ್ಣೆಯ ನೆನಪು ಬರುತ್ತದೆ. ಬೇಸಿಗೆಯಲ್ಲಿ ಕಾರವಾರದ ನಮ್ಮ ಚಿಕ್ಕಿ ಮನೆಗೆ ಹೋದಾಗ ನಾನು ಮಾಡುವುದು ಇದೊಂದೇ. ಸಮುದ್ರದ ಕಡೆಯ ಸೆಕೆಗೆ ಹಾಲಿನ ಐಸ್‌ಕ್ರೀಮಿಗಿಂತ ಇದು ಹಿತ.

ಗಟ್ಟಿ ಮಾಡುವ ವಿಷಯ ಹೆಚ್ಚು ಹೇಳುವುದಿಲ್ಲ. ಮಷಿನ್ ಇದ್ದರೆ ಸರಿ. ಇಲ್ಲದಿದ್ದರೆ ಅರ್ಧ ಗಟ್ಟಿ ಆದಾಗ ತೆಗೆದು ಮಿಕ್ಸಿಗೆ ಹಾಕಿ, ಮತ್ತೆ ಇಡಿ. ಹೀಗೆ ಎರಡು ಮೂರು ಸಲ. 25% ಕೊಬ್ಬಿನ ಪ್ಯಾಕೆಟ್ ಕ್ರೀಮ್ ಎಷ್ಟು ಕಡೆದರೂ ನೊರೆಯಾಗಿ ನಿಲ್ಲುವುದಿಲ್ಲ, ಅದಕ್ಕೆ 30% ಮೇಲೆ ಬೇಕು. ಆ ಹಟ ಬಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಪೂರ್ತಿ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಯಾರಿಗೂ ಕೊಡಬೇಡಿ.

ಉಸಿರಿಗೆ ಅಲ್ಲ

ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ ನನ್ನ ಬಾಟಲಿಗಳ ಸಾಲು ನೋಡಿ ಕೇಳಿದ: "ಚಿಕ್ಕಿ, ಇದ್ರನ್ನ ವೇಪ್ ಲಿಕ್ವಿಡ್‌ಗೆ ಹಾಕ್ಲಾಗ್ತಾ?" ಅವನ ಸ್ನೇಹಿತರಲ್ಲಿ ಯಾರೋ ಇ-ಸಿಗರೇಟಿನಲ್ಲಿ ಕಾಯಿಸಿ ಹೊಗೆಯ ಹಾಗೆ ಎಳೆಯುವ ಆ ದ್ರವವನ್ನು ಮನೆಯಲ್ಲೇ ಕಲಸುತ್ತಾರಂತೆ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಮೇಲೆ ಕ್ರೀಮ್, ಕಸ್ಟರ್ಡ್ ಪರಿಮಳ. ನಾನು ಅವನನ್ನು ಕೂರಿಸಿಕೊಂಡು ಹೇಳಿದ್ದನ್ನು ಇಲ್ಲೂ ಹೇಳಬೇಕು. ಏಕೆಂದರೆ ಇದೇ ಬಾಟಲಿ ನಿಮ್ಮ ಮನೆಯ ಕಪಾಟಿನಲ್ಲೂ ಇರುತ್ತದೆ, ನಿಮ್ಮ ಮನೆಯಲ್ಲೂ ಆ ವಯಸ್ಸಿನ ಮಕ್ಕಳಿರುತ್ತಾರೆ.

2000ದಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಒಂದು ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ 8 ಜನರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಇರುವುದು ಗೊತ್ತಾಯಿತು. ಶ್ವಾಸಕೋಶದ ಸಣ್ಣ ಕೊಳವೆಗಳು ಗಾಯವಾಗಿ, ಕಲೆಗಟ್ಟಿ ಮುಚ್ಚಿಹೋಗುವ ಕಾಯಿಲೆ ಅದು. ಒಮ್ಮೆ ಬಂದರೆ ಮೊದಲಿನ ಹಾಗೆ ಆಗುವುದಿಲ್ಲ. ಅವರು ದಿನವೂ ಉಸಿರಾಡುತ್ತಿದ್ದದ್ದು ಬಿಸಿ ಎಣ್ಣೆಗೆ ಹಾಕುವ ಬೆಣ್ಣೆ ಪರಿಮಳದ ಆವಿ. ಅದರಲ್ಲಿ ಇದ್ದದ್ದು ಡೈಅಸಿಟೈಲ್, ನಮ್ಮ ಬೆಣ್ಣೆಯಲ್ಲಿ ಇರುವ ಅದೇ ವಸ್ತು. ತಿಂದರೆ ಹೊಟ್ಟೆ ಅರಗಿಸುತ್ತದೆ. ಆವಿಯಾಗಿ ಎಳೆದುಕೊಂಡರೆ ಶ್ವಾಸಕೋಶಕ್ಕೆ ಅದನ್ನು ತಡೆಯುವ ಶಕ್ತಿ ಇಲ್ಲ. ಆಹಾರದ ಎಸೆನ್ಸಿಗೆ ಸಿಗುವ ಒಪ್ಪಿಗೆ ತಿನ್ನಲು ಮಾತ್ರ. ಕಾಯಿಸಿ ಎಳೆಯಲು ಅಲ್ಲ. ಡೈಅಸಿಟೈಲ್ ಇಲ್ಲ ಅಂತ ಬರೆದ ಬಾಟಲಿಯಲ್ಲೂ ಅದರ ಬದಲಿಗೆ ಹಾಕುವ ಅಸಿಟೈಲ್ ಪ್ರೊಪಿಯೋನಿಲ್ ಅದೇ ಜಾತಿಯದು.

ಕಾನೂನೂ ಇದೆ. 2019ರ ಸೆಪ್ಟೆಂಬರಿನಿಂದ ನಮ್ಮ ದೇಶದಲ್ಲಿ ಇ-ಸಿಗರೇಟ್ ತಯಾರಿಕೆ, ಮಾರಾಟ, ಸಾಗಾಟ, ದಾಸ್ತಾನು ಎಲ್ಲಕ್ಕೂ ನಿಷೇಧ. ತಯಾರಿಸಿ ಅಥವಾ ಮಾರಿ ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಹುಡುಗ ಇದೆಲ್ಲ ಕೇಳಿ ಸುಮ್ಮನೆ ಕೂತ. ಆಮೇಲೆ ಲೋಟದ ಪರೀಕ್ಷೆಗೆ ಅವನನ್ನೇ ಕೂರಿಸಿದೆ. ಅವನ ಮೂಗು ನನ್ನದಕ್ಕಿಂತ ಚುರುಕು.

ಬಿಸಿ ಹಾಲಿಗೆ ಎಸೆನ್ಸ್ ಹಾಕಬೇಡಿ ಅಂತ ಮೊದಲೇ ಹೇಳಿದ್ದರ ದೊಡ್ಡ ಕಾರಣ ಇದೇ. ಕಾನ್ಸಂಟ್ರೇಟ್ ತೂಗುವಾಗ ಕಿಟಕಿ ತೆಗೆದಿಡಿ. ಬಾಟಲಿಗೆ ಮೂಗು ಹಚ್ಚಿ ಎಳೆದುಕೊಳ್ಳಬೇಡಿ. ಕಾಗದದ ಪಟ್ಟಿಯನ್ನು ಅದ್ದಿ, ದೂರ ಹಿಡಿದು, ಕೈಯಿಂದ ಗಾಳಿ ಬೀಸಿ ನೋಡಿದರೆ ಸಾಕು.

ಜಾಸ್ತಿ ಆದರೆ

ಹಾಕಿದ ಎಸೆನ್ಸನ್ನು ತೆಗೆಯಲು ಬರುವುದಿಲ್ಲ. ಇನ್ನಷ್ಟು ಸಕ್ಕರೆ, ಇನ್ನೊಂದು ಎಸೆನ್ಸ್ ಹಾಕಿ ಮುಚ್ಚಲು ಹೋದರೆ ಮತ್ತೂ ಹದಗೆಡುತ್ತದೆ. ಏನೂ ಹಾಕದ ಮಿಶ್ರಣ ಇನ್ನಷ್ಟು ಮಾಡಿ ಬೆರೆಸುವುದೇ ದಾರಿ. ಅದಕ್ಕೇ ನಾನು ಒಟ್ಟು ಮಿಶ್ರಣದಲ್ಲಿ ಐದನೇ ಒಂದು ಪಾಲನ್ನು ಎಸೆನ್ಸ್ ಹಾಕದೆ ಕೊನೆವರೆಗೂ ಬದಿಗಿಡುತ್ತೇನೆ. ಸ್ವಲ್ಪವೇ ಜಾಸ್ತಿ ಆಗಿದ್ದರೆ ಒಂದು ಚಿಟಿಕೆ ಉಪ್ಪು ಹಾಕಿ ಎರಡು ದಿನ ಫ್ರೀಜರಿನಲ್ಲಿ ಬಿಡಿ, ಚೂಪು ತಗ್ಗುತ್ತದೆ. ವೆನಿಲಾ ಜಾಸ್ತಿಯಾಗಿ ಕಹಿ ಬಂದಿದ್ದರೆ ಕಾಫಿ ಡಿಕಾಕ್ಷನ್ ಸೇರಿಸಿ ಕಾಫಿ ಐಸ್‌ಕ್ರೀಮ್ ಮಾಡಿಬಿಡಿ. ಬೆಣ್ಣೆ ಜಾಸ್ತಿ ಆದದ್ದಕ್ಕೆ ಮಾತ್ರ ನನಗೆ ಇವತ್ತಿಗೂ ಮದ್ದು ಸಿಕ್ಕಿಲ್ಲ.

ಬಾಟಲಿಗಳನ್ನು ಬೆಳಕು ಬೀಳದ ಕಪಾಟಿನಲ್ಲಿ, ಒಲೆಯಿಂದ ದೂರ ಇಡಿ. ಬಟರ್ ಎಸೆನ್ಸನ್ನು ಇನ್ನೊಂದು ಗಾಜಿನ ಭರಣಿಯೊಳಗೆ ಹಾಕಿ ಮುಚ್ಚಿಡಿ. ಇಲ್ಲದಿದ್ದರೆ ಪಕ್ಕದ ಚಹಾ ಪುಡಿಯೂ ಅದೇ ವಾಸನೆ ಹಿಡಿಯುತ್ತದೆ. ಒಂದೊಂದು ಎಸೆನ್ಸಿಗೆ ಒಂದೊಂದು ಡ್ರಾಪರ್ ಇರಲಿ. ಪ್ಲಾಸ್ಟಿಕ್, ರಬ್ಬರ್ ವಾಸನೆ ಹೀರಿಕೊಂಡು ಬಿಡುವುದೇ ಇಲ್ಲ, ಕಲಸಲು ಸ್ಟೀಲ್ ಅಥವಾ ಗಾಜು ಬಳಸಿ. ನಮ್ಮ ಮಳೆಗಾಲದ ತೇವಕ್ಕೆ ಕಾಗದದ ಲೇಬಲ್ ಜುಲೈ ಹೊತ್ತಿಗೆ ಕಿತ್ತು ಬರುತ್ತದೆ. ಹೆಸರು, ತೆರೆದ ತಾರೀಕು, ಸರಿ ಹೊಂದಿದ ಶೇಕಡಾ ಮೂರನ್ನೂ ಮಾರ್ಕರಿನಿಂದ ಬಾಟಲಿಯ ಗಾಜಿನ ಮೇಲೇ ಬರೆಯಿರಿ. ನನ್ನ ಬಟರ್ ಬಾಟಲಿಯ ಮೇಲೆ 0.03 ಅಂತ ಇದೆ, ಅದರ ಕೆಳಗೆ "ಮಾವಿಗೆ ಬೇಡ" ಅಂತ ಕೆಂಪಕ್ಷರದಲ್ಲಿ ಬರೆದಿದ್ದೇನೆ.